ಏಷ್ಯಾದ ಬಂದರಿನಲ್ಲಿ ಒಂದು ಹಗಲು: ಹಡಗು ಪ್ರವಾಸಿಗರಿಗೆ ಯಶಸ್ಸಿನ ಸೂತ್ರಗಳು

ಕೊಲಂಬೊದಿಂದ ಯೊಕೊಹಾಮಾವರೆಗೆ ಹಡಗಿನಲ್ಲಿ ಹೋಗುವವರಿಗೆ ಸಮುದ್ರ ಬೇಕಾದಷ್ಟು ಸಿಗುತ್ತದೆ, ನೆಲ ಮಾತ್ರ ಗಂಟೆಗಳ ಲೆಕ್ಕದಲ್ಲಿ. ಬೆಳಿಗ್ಗೆ ಧಕ್ಕೆಗೆ ತಗುಲಿದ ಹಡಗು ಸಂಜೆ ಮತ್ತೆ ಹೊರಡುತ್ತದೆ. ಅಷ್ಟರಲ್ಲಿ ಇಡೀ ದೇಶ ನೋಡಿಬಿಡಬೇಕೆಂದು ಹೊರಟವರು ಬಸ್ಸಿನ ಕಿಟಕಿಯಿಂದ ಹೆದ್ದಾರಿ ನೋಡಿ ಮರಳುತ್ತಾರೆ. ಇರುವ ಎಂಟು-ಹತ್ತು ಗಂಟೆಗೆ ಹೊಂದುವಂಥ ಒಂದೇ ಒಂದು ಜಾಗವನ್ನು ಮೊದಲೇ ಆರಿಸಿಕೊಂಡರೆ ಊರು ನಿಜವಾಗಿ ಕೈಗೆ ಸಿಗುತ್ತದೆ. ಆರಿಸುವ ಬಗೆ ಹೀಗೆ.

1. ಬಂದರು ಎಲ್ಲಿದೆ ಎಂದು ಮೊದಲು ಹುಡುಕಿ

ಪ್ರವಾಸದ ಪಟ್ಟಿಯಲ್ಲಿ ‘ಬ್ಯಾಂಕಾಕ್’ ಎಂದಿರುತ್ತದೆ. ದೊಡ್ಡ ಹಡಗು ನಿಲ್ಲುವುದು ಲೇಮ್ ಚಬಾಂಗ್‌ನಲ್ಲಿ. ಅಲ್ಲಿಂದ ಬ್ಯಾಂಕಾಕ್‌ಗೆ 120 ಕಿ.ಮೀ.ಗೂ ಹೆಚ್ಚು ದಾರಿ. ‘ಹೋ ಚಿ ಮಿನ್ ಸಿಟಿ’ ಎಂದರೆ ಬಹುಪಾಲು ಹಡಗುಗಳಿಗೆ ಫೂ ಮಿ ಬಂದರು, ನಗರಕ್ಕೆ ರಸ್ತೆಯಲ್ಲಿ ಸುಮಾರು ಎರಡು ಗಂಟೆ. ಕೌಲಾಲಂಪುರಕ್ಕೆ ಪೋರ್ಟ್ ಕ್ಲಾಂಗ್, ಸಿಯೋಲ್‌ಗೆ ಇಂಚಿಯಾನ್, ಬೀಜಿಂಗ್‌ಗೆ 150 ಕಿ.ಮೀ.ಗಿಂತ ದೂರದ ಟಿಯಾಂಜಿನ್. ಒಂದೇ ಊರಿನಲ್ಲಿ ಎರಡು ಧಕ್ಕೆಗಳಿರುವುದೂ ಉಂಟು. ಯೊಕೊಹಾಮಾದ ಓಸಾನ್‌ಬಾಶಿಯಲ್ಲಿ ಇಳಿದರೆ ನಗರದ ನಡುವೆಯೇ ಇರುತ್ತೀರಿ. ಬೇ ಬ್ರಿಜ್‌ನ ಅಡಿ ತೂರಲಾರದಷ್ಟು ಎತ್ತರದ ಹಡಗಾದರೆ ಡೈಕೊಕು ಎಂಬ ಕೈಗಾರಿಕಾ ದ್ವೀಪದಲ್ಲಿ ನಿಲ್ಲುತ್ತದೆ, ಅಲ್ಲಿಂದ ಬಸ್ಸಿಲ್ಲದೆ ಹೊರಬೀಳುವಂತಿಲ್ಲ. ಟಿಕೆಟ್ ಕೊಳ್ಳುವ ಹೊತ್ತಿಗೇ ಧಕ್ಕೆಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

2. ಗಂಟೆಗಳನ್ನು ಹಿಂದಿನಿಂದ ಎಣಿಸಿ

ಲೇಮ್ ಚಬಾಂಗ್‌ನದ್ದೇ ಲೆಕ್ಕ ಹಾಕೋಣ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದುಕೊಳ್ಳಿ. ಕಾಗದಪತ್ರದ ತಪಾಸಣೆ ಮುಗಿದು ಜನ ಇಳಿಯುವಾಗ 8 ಆಗುತ್ತದೆ. ಎಲ್ಲರೂ ಹಡಗು ಹತ್ತಿರಬೇಕಾದ ಗಡುವು ಸಾಮಾನ್ಯವಾಗಿ ಹೊರಡುವ ಅರ್ಧ ಗಂಟೆ ಮೊದಲು, ಅಂದರೆ 5.30. ಅದಕ್ಕೂ ಒಂದೂವರೆ ಗಂಟೆ ಮುಂಚೆ, 4ಕ್ಕೆ, ಧಕ್ಕೆಯಲ್ಲಿರುವಂತೆ ಯೋಜಿಸಿ. ಬ್ಯಾಂಕಾಕಿನ ಸಂಚಾರ ದಟ್ಟಣೆ ಕಂಡವರು ಯಾರೂ ಇದನ್ನು ಅತಿ ಎನ್ನಲಾರರು. ದಾರಿಗೆ ಎರಡೂವರೆ ಗಂಟೆ ಹಿಡಿದರೆ ಮಧ್ಯಾಹ್ನ 1.30ಕ್ಕೆ ನಗರ ಬಿಡಬೇಕು. ತಲುಪಿದ್ದು 10.30ಕ್ಕೆ. ಹನ್ನೊಂದು ಗಂಟೆಗಳಲ್ಲಿ ಬ್ಯಾಂಕಾಕ್‌ಗೆ ಸಿಕ್ಕಿದ್ದು ಮೂರು.

ಮೂರು ಗಂಟೆಗೆ ಗ್ರ್ಯಾಂಡ್ ಪ್ಯಾಲೇಸ್ ಮತ್ತು ಅದರ ಪಕ್ಕದ ವಾಟ್ ಫೋ ಸಾಕು. ವಾಟ್ ಫೋದಲ್ಲಿ ಮಲಗಿರುವ ಬುದ್ಧನ ಉದ್ದ 46 ಮೀಟರ್. ಆ ಪಾದಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ 108 ಮಂಗಳ ಚಿಹ್ನೆಗಳಿವೆ. ಅವುಗಳ ಮುಂದೆ ಸುಮ್ಮನೆ ನಿಲ್ಲಲು ಹತ್ತು ನಿಮಿಷ ಬೇಕು. ತೇಲುವ ಸಂತೆಯನ್ನು ಕೈಬಿಡಿ. ಬ್ಯಾಂಕಾಕನ್ನು ಹಿಂದೆ ನೋಡಿದವರಾದರೆ ಹೆದ್ದಾರಿಯನ್ನೂ ಬಿಡಿ. ಹತ್ತಿರದ ಪಟ್ಟಾಯದಲ್ಲಿ 1981ರಿಂದ ಕಟ್ಟುತ್ತಿರುವ ‘ಸ್ಯಾಂಕ್ಚುರಿ ಆಫ್ ಟ್ರುತ್’ ಇದೆ. ಕಡಲ ದಂಡೆಯ ಈ ಮಂದಿರ ಪೂರ್ತಿ ಮರದ್ದು. ಕೆತ್ತನೆಗಾರರು ಉಳಿ ಹಿಡಿದು ಕೆಲಸ ಮಾಡುವುದನ್ನು ಅಲ್ಲೇ ನಿಂತು ನೋಡಬಹುದು.

3. ಒಂದು ದಿಕ್ಕು ಆರಿಸಿ

ಮಧ್ಯ ವಿಯೆಟ್ನಾಂನ ಚಾನ್ ಮೇ ಬಂದರಿನ ಒಂದು ಬದಿಗೆ ಹ್ಯೂ, ಇನ್ನೊಂದು ಬದಿಗೆ ಡನಾಂಗ್ ಮತ್ತು ಹೋಯ್ ಆನ್. ಹ್ಯೂನಲ್ಲಿ ನ್ಗುಯೆನ್ ಅರಸರ ಕೋಟೆ ಮತ್ತು ಸಮಾಧಿಗಳು, ಹೋಯ್ ಆನ್‌ನಲ್ಲಿ ಹಳೆಯ ವರ್ತಕರ ಮನೆಗಳು ಮತ್ತು ಜಪಾನೀ ಸೇತುವೆ. ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ, ಎರಡಕ್ಕೂ ಗಂಟೆಗಿಂತ ಹೆಚ್ಚಿನ ದಾರಿ, ಅದೂ ವಿರುದ್ಧ ದಿಕ್ಕಿನಲ್ಲಿ. ಒಂದೇ ಹಗಲಲ್ಲಿ ಎರಡನ್ನೂ ಹಿಡಿಯಲು ಹೊರಟರೆ ಎರಡೂ ತಪ್ಪುತ್ತವೆ.

ನಮ್ಮವರಿಗೆ ಇಲ್ಲಿ ಇನ್ನೊಂದು ಸೆಳೆತವಿದೆ. ಚಂಪಾ ಅರಸರು ಸುಮಾರು ನಾಲ್ಕನೆಯ ಶತಮಾನದಿಂದ ಶಿವಾಲಯಗಳನ್ನು ಕಟ್ಟಿಸಿದ ಮೀ ಸನ್ ಇರುವುದು ಹೋಯ್ ಆನ್‌ಗೂ ಆಚೆ, ಬೆಟ್ಟಗಳ ನಡುವೆ. ಚಾನ್ ಮೇಯಿಂದ ಹೋಗಿಬರಲು ಹಗಲು ಸಾಲುವುದು ಕಷ್ಟ. ಆದರೆ ಮೀ ಸನ್ ಮತ್ತಿತರ ನೆಲೆಗಳ ಶ್ರೇಷ್ಠ ಶಿಲ್ಪಗಳು ಡನಾಂಗ್ ನಗರದ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿವೆ. 1919ರಲ್ಲಿ ತೆರೆದ ಆ ಕಟ್ಟಡದಲ್ಲಿ ಶಿವ, ಗಣೇಶ, ನರ್ತಕಿಯರ ಪೀಠಗಳನ್ನು ಎರಡು ಗಂಟೆ ನೆರಳಿನಲ್ಲಿ ಸಾವಧಾನವಾಗಿ ನೋಡಬಹುದು. ಪಟ್ಟದಕಲ್ಲು, ಬೇಲೂರು ನೋಡಿ ಪಳಗಿದ ಕಣ್ಣಿಗೆ ಆ ಶಿಲ್ಪಿಗಳ ಕೈಚಳಕದ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಇಡೀ ವಿಯೆಟ್ನಾಂ ಕರಾವಳಿಯಲ್ಲಿ ನಾನು ಮೊದಲು ಹೇಳುವ ಜಾಗ ಇದು.

ಫೂ ಮಿಯಲ್ಲೂ ಇದೇ ಲೆಕ್ಕ. ವಿಯೆಟ್ನಾಂ ಯುದ್ಧಕಾಲದ ಕು ಚಿ ಸುರಂಗಗಳು ನಗರ ದಾಟಿ ಮತ್ತೆ ವಾಯವ್ಯಕ್ಕೆ. ಸುರಂಗ ಬೇಕೆಂದರೆ ನಗರ ಬಿಡಿ. ನಗರ ಬೇಕೆಂದರೆ 1975ರ ಏಪ್ರಿಲ್ 30ರಂದು ಟ್ಯಾಂಕುಗಳು ಗೇಟು ಮುರಿದು ನುಗ್ಗಿದ ಅರಮನೆ, ಯುದ್ಧ ಅವಶೇಷಗಳ ವಸ್ತುಸಂಗ್ರಹಾಲಯ, ಫ್ರೆಂಚರ ಕಾಲದ ಅಂಚೆ ಕಚೇರಿ, ಮೂರೂ ನಡೆದು ಹೋಗುವಷ್ಟು ಹತ್ತಿರ.

4. ನಡೆದು ನೋಡುವ ಬಂದರಿಗೆ ಬಸ್ ಟೂರ್ ಬೇಡ

ಮಲೇಷ್ಯಾದ ಪೆನಾಂಗ್‌ನ ಸ್ವೆಟೆನ್‌ಹ್ಯಾಮ್ ಧಕ್ಕೆಯಿಂದ ಹೊರಬಂದರೆ ಎದುರಿಗೇ ಗಡಿಯಾರ ಗೋಪುರ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60 ವರ್ಷಕ್ಕೆ 60 ಅಡಿ. ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ. ಅಲ್ಲಿಂದ ಹೆಜ್ಜೆ ಹಾಕಿದರೆ ಒಂದೇ ನೆರೆಹೊರೆಯಲ್ಲಿ ಸೇಂಟ್ ಜಾರ್ಜ್ ಚರ್ಚ್, ಚೀನಿಯರ ಕರುಣಾದೇವಿಯ ಗುಡಿ, 1833ರ ಮಾರಿಯಮ್ಮನ ದೇವಸ್ಥಾನ, ಕಪಿತಾನ್ ಕೆಲಿಂಗ್ ಮಸೀದಿ. ಊದುಬತ್ತಿಯ ಹೊಗೆ, ಮಲ್ಲಿಗೆ, ಬಾಂಗು ಎಲ್ಲವೂ ಅರ್ಧ ಗಂಟೆಯ ನಡಿಗೆಯೊಳಗೆ. ಸುಸ್ತಾದರೆ ಹಡಗಿಗೆ ಮರಳಿ ಊಟ ಮಾಡಿ ಮತ್ತೆ ಇಳಿಯಬಹುದು.

ನಾಗಸಾಕಿಯೂ ಹಾಗೆಯೇ. ಮತ್ಸುಗಾಯೆ ಧಕ್ಕೆಯಿಂದ ಓಉರಾ ಚರ್ಚು, ಗ್ಲೋವರ್ ಉದ್ಯಾನ ಕಾಲ್ನಡಿಗೆಯ ದೂರ. ಎರಡು ಶತಮಾನಕ್ಕೂ ಹೆಚ್ಚು ಕಾಲ ಡಚ್ಚರನ್ನು ಕೂಡಿಹಾಕಿದ್ದ ದೆಜಿಮಾ ದೂರವಲ್ಲ. ಅಣುಬಾಂಬ್ ಬಿದ್ದ ಜಾಗಕ್ಕೆ, ಶಾಂತಿ ಉದ್ಯಾನಕ್ಕೆ ಟ್ರಾಮ್ ಇದೆ. ತೈವಾನಿನ ಕೀಲುಂಗ್‌ನಲ್ಲಿ ರೈಲು ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ, ತೈಪೇಗೆ ಮುಕ್ಕಾಲು ಗಂಟೆ. ಹಾಂಗ್‌ಕಾಂಗ್‌ನ ಓಷನ್ ಟರ್ಮಿನಲ್‌ನಲ್ಲಿ ಇಳಿದರೆ ಸ್ಟಾರ್ ಫೆರಿ ಪಕ್ಕದಲ್ಲೇ.

5. ದೂರದ ಜಾಗಕ್ಕೆ ಹಡಗಿನವರ ಟೂರನ್ನೇ ಕೊಳ್ಳಿ

ದುಬಾರಿ, ನಿಜ. ಆದರೆ ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವು ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಜಾವಾದ ಸೆಮರಾಂಗ್‌ನಲ್ಲಿ ಇಳಿದು ಬೊರೊಬುದೂರ್ ನೋಡುವವರಿಗೆ ಈ ಭದ್ರತೆ ಬೇಕೇ ಬೇಕು. ಒಂದು ದಿಕ್ಕಿಗೇ ಎರಡೂವರೆ-ಮೂರು ಗಂಟೆಯ ದಾರಿ, ಸ್ತೂಪದ ಮೇಲೆ ಹತ್ತುವವರ ಸಂಖ್ಯೆಗೂ ದಿನಕ್ಕೆ ಮಿತಿ ಇದೆ. ಹತ್ತುವ ಟಿಕೆಟ್ ಟೂರಿನಲ್ಲಿ ಸೇರಿದೆಯೇ ಎಂದು ಕೇಳದೆ ಹಣ ಕೊಡಬೇಡಿ.

ಹಡಗು ರಾತ್ರಿ ತಂಗುವ ಬಂದರುಗಳ ಮಾತು ಬೇರೆ. ಅಲ್ಲಿ ಎರಡನೆಯ ಹಗಲು ಸಿಗುತ್ತದೆ, ದೂರದ ಆಸೆಗಳನ್ನು ಆ ಬಂದರಿಗೆ ಮೀಸಲಿಡಿ.

ಗಂಟೆಗೆ ತಕ್ಕ ಜಾಗ ಆರಿಸುವ ಈ ಅಳತೆ ನಮಗೆ ಹೊಸದೇನಲ್ಲ. ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಇಳಿಯುವ ವಿದೇಶಿ ಪ್ರವಾಸಿಗರನ್ನು ಯಾರೂ ಹಂಪಿಗೆ ಕರೆದೊಯ್ಯುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ಕಾರ್ಕಳದಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ, ದಾರಿಯಲ್ಲೊಂದು ಗೇರುಬೀಜದ ಕಾರ್ಖಾನೆ. ಅವರು ಅಷ್ಟರಲ್ಲೇ ತುಳುನಾಡಿನ ಒಳ್ಳೆಯ ಭಾಗವನ್ನು ನೋಡಿ ಹೋಗುತ್ತಾರೆ. ಬೇರೆಯವರ ಬಂದರಿನಲ್ಲಿ ನಾವೂ ಹಾಗೇ ಆರಿಸೋಣ.

6. ವಾರ ನೋಡಿ, ಪಂಚಾಂಗವನ್ನೂ ನೋಡಿ

ಬೀಜಿಂಗ್‌ನ ನಿಷೇಧಿತ ನಗರ ಮತ್ತು ತೈಪೇಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಸಿಯೋಲ್‌ನ ಗ್ಯೋಂಗ್‌ಬೊಕ್ ಅರಮನೆಗೆ ಮಂಗಳವಾರ, ಹಾಂಗ್‌ಕಾಂಗ್ ಕಲಾ ಸಂಗ್ರಹಾಲಯಕ್ಕೆ ಗುರುವಾರ. ಚಾಂದ್ರಮಾನ ಹೊಸ ವರ್ಷದ ದಿನಗಳಲ್ಲಿ ವಿಯೆಟ್ನಾಂ, ಚೀನಾಗಳ ಅಂಗಡಿ ಬೀದಿಗಳು ಬಾಗಿಲು ಹಾಕಿರುತ್ತವೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸಾರ್ವಜನಿಕ ರಜೆ. ಕಚೇರಿ, ಅಂಗಡಿ ಮುಚ್ಚಿದ್ದರೂ ವಿಹಾರಗಳು ಬಿಳಿಯುಟ್ಟ ಭಕ್ತರಿಂದ ತುಂಬಿರುತ್ತವೆ. ಕೊಲಂಬೊದಲ್ಲಿ ಹುಣ್ಣಿಮೆ ಸಿಕ್ಕಿದರೆ ಪೇಟೆಯ ಯೋಚನೆ ಬಿಟ್ಟು ವಿಹಾರಕ್ಕೆ ಹೋಗಿ.

7. ಕೈಗಡಿಯಾರಕ್ಕೆ ಹಡಗಿನ ಸಮಯ

ಥಾಯ್ಲೆಂಡ್, ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ, ಸಿಂಗಪುರ, ಹಾಂಗ್‌ಕಾಂಗ್ ಎರಡೂವರೆ, ಜಪಾನ್, ಕೊರಿಯಾ ಮೂರೂವರೆ. ಫೋನು ದಡದ ಸಮಯಕ್ಕೆ ತಾನೇ ಬದಲಾಗುತ್ತದೆ. ಹಡಗು ಕೆಲವೊಮ್ಮೆ ಬದಲಾಗುವುದಿಲ್ಲ. ಗಡುವು ಯಾವಾಗಲೂ ಹಡಗಿನ ಗಡಿಯಾರದ್ದು.

8. ವೀಸಾ ವಿಷಯದಲ್ಲಿ ಊಹೆ ಬೇಡ

ಹಡಗಿನಿಂದ ಇಳಿಯದಿದ್ದರೂ ಕೆಲವು ದೇಶಗಳು ವೀಸಾ ಕೇಳುತ್ತವೆ, ಇಲ್ಲದಿದ್ದರೆ ಹೊರಡುವ ಬಂದರಿನಲ್ಲೇ ಹತ್ತಿಸುವುದಿಲ್ಲ. ಜಪಾನ್‌ನಿಂದ ಕೊರಿಯಾಕ್ಕೆ ಹೋಗಿ ಮತ್ತೆ ಜಪಾನಿಗೆ ಬರುವ ಹಡಗಾದರೆ ಅದು ಎರಡು ಪ್ರವೇಶ. ವಿಯೆಟ್ನಾಂನ ಇ-ವೀಸಾ ಅರ್ಜಿಯಲ್ಲಿ ಪ್ರವೇಶಿಸುವ ಬಂದರನ್ನು ನಮೂದಿಸಬೇಕು. ಅಮೆರಿಕದ ಪಾಸ್‌ಪೋರ್ಟ್ ಹೊಂದಿದ ಕನ್ನಡಿಗರು ಮುಂಬೈ, ಕೊಚ್ಚಿ, ಮಂಗಳೂರು ಪಟ್ಟಿಯಲ್ಲಿದ್ದರೆ ಒಸಿಐ ಕಾರ್ಡನ್ನು ಜೊತೆಗೆ ತಂದಿರಬೇಕು.

9. ಟೆಂಡರ್ ದೋಣಿಯ ಬಂದರುಗಳಲ್ಲಿ ಆಸೆ ಸಣ್ಣದಿರಲಿ

ಥಾಯ್ಲೆಂಡ್‌ನ ಕೊ ಸಮುಯಿಯಂಥ ಕಡೆ ಹಡಗು ದೂರದಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತದೆ. ಟೂರ್ ಕೊಂಡವರು ಮೊದಲು, ಉಳಿದವರು ಚೀಟಿಯ ಸಂಖ್ಯೆಯಂತೆ. ಅಲೆ ಹೆಚ್ಚಾದರೆ ಇಳಿಯುವುದೇ ರದ್ದು. ಅಂಥ ದಿನಕ್ಕೆ ಮುಂಗಡ ಕೊಟ್ಟು ಕಾರು ಗೊತ್ತುಮಾಡಬೇಡಿ. ಗಾಲಿಕುರ್ಚಿಯಲ್ಲಿರುವ ಹಿರಿಯರು ಜೊತೆಗಿದ್ದರೆ ಧಕ್ಕೆಗೆ ತಗುಲುವ ಬಂದರುಗಳೇ ಹೆಚ್ಚಿರುವ ಪ್ರವಾಸವನ್ನು ಆರಿಸಿ.

10. ಬಾಡಿಗೆ ಮಾತಾಡುವಾಗ ಮೂರು ಪ್ರಶ್ನೆ

ಹೇಳಿದ ದರ ಇಡೀ ಕಾರಿಗೋ, ತಲೆಗೋ? ಹೋಗಿಬರುವುದಕ್ಕೋ, ಹೋಗುವುದಕ್ಕಷ್ಟೇಯೋ? ಕಾಯುವ ಹೊತ್ತು ಸೇರಿದೆಯೋ? ಮೂರನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ, ಹಣವನ್ನು ಧಕ್ಕೆಗೆ ಮರಳಿದ ಮೇಲೆ ಕೊಡಿ. ಸಿಂಗಪುರದಿಂದ ವಿಯೆಟ್ನಾಂವರೆಗೆ ಗ್ರ್ಯಾಬ್ ಆ್ಯಪ್ ನಡೆಯುತ್ತದೆ, ಬಂದರಿನ ಗೇಟು ದಾಟಿ ಕರೆಯುವುದು ಸುಲಭ. ಹಡಗಿನಲ್ಲಿರುವಾಗ ಫೋನು ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ನಡುಗಡಲಿನ ಉಪಗ್ರಹ ರೋಮಿಂಗ್ ದರ ಬಹಳ ಹೆಚ್ಚು.

11. ಬಯಲು ಬೆಳಿಗ್ಗೆ, ಮ್ಯೂಸಿಯಂ ಮಧ್ಯಾಹ್ನ

ಬಿಸಿಲು ಏರುವ ಮುನ್ನ ಬಯಲಿನ ಜಾಗಗಳನ್ನು ಮುಗಿಸಿ, ಮಧ್ಯಾಹ್ನವನ್ನು ಮ್ಯೂಸಿಯಂಗೆ ಇಡಿ. ಬಟ್ಟೆಯನ್ನೂ ನೋಡಿ ಆರಿಸಿ: ಗ್ರ್ಯಾಂಡ್ ಪ್ಯಾಲೇಸ್‌ನಲ್ಲಿ ಚಡ್ಡಿ, ತೋಳಿಲ್ಲದ ಅಂಗಿಗೆ ಪ್ರವೇಶವಿಲ್ಲ. ತೆಳು ಹತ್ತಿಯ ಪೂರ್ತಿ ತೋಳಿನ ಬಟ್ಟೆ ಬಿಸಿಲಿಗೂ ಒಳ್ಳೆಯದು, ದೇವಾಲಯಕ್ಕೂ ಸರಿ. ಹಡಗಿನ ಊಟದ ಮೇಜಿನಿಂದ ಹಣ್ಣು ಎತ್ತಿಕೊಂಡು ಇಳಿಯಬೇಡಿ, ಹಲವು ದೇಶಗಳಲ್ಲಿ ಅದಕ್ಕೆ ದಂಡವಿದೆ.

12. ಸಸ್ಯಾಹಾರಿಗಳು ಎರಡು ಪದ ಕಲಿಯಿರಿ

ವಿಯೆಟ್ನಾಂನಲ್ಲಿ ‘ಚಾಯ್’ ಎಂಬ ಫಲಕವಿರುವ ಅಂಗಡಿಯಲ್ಲಿ ಮೀನಿನ ಸಾರವೂ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸ್ಥಳೀಯರೇ ಅಲ್ಲಿ ಸಾಲುಗಟ್ಟುತ್ತಾರೆ. ಥಾಯ್ಲೆಂಡ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದ ‘ಜೇ’ ಹುಡುಕಿ, ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಪೆನಾಂಗ್ ಮತ್ತು ಸಿಂಗಪುರದ ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ ಸಿಗುತ್ತದೆ.

13. ಒಂದೆರಡು ಬಂದರುಗಳನ್ನು ಬಿಟ್ಟುಬಿಡಿ

ದೀರ್ಘ ಪ್ರವಾಸದ ಮೂರನೆಯ ವಾರಕ್ಕೆ ಗೋಪುರಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ. ಅದು ಊರುಗಳ ದೋಷವಲ್ಲ. ಒಂದು ಬಂದರಿನಲ್ಲಿ ದೇವಾಲಯ ನೋಡಿದರೆ ಮುಂದಿನದರಲ್ಲಿ ಮೀನಿನ ಸಂತೆ, ಅದರ ಮುಂದಿನದರಲ್ಲಿ ಬರೀ ಒಂದು ಪಾರ್ಕು ಮತ್ತು ಚಹಾ. ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಗೆ ಹಡಗು ಸೇರುವ ಮುಂಜಾನೆ ಡೆಕ್ಕಿನ ಮೇಲಿರಿ, ಸುಣ್ಣಕಲ್ಲಿನ ಆ ದ್ವೀಪಗಳಿಗಾಗಿಯೇ ಅಷ್ಟು ದೂರ ಬಂದಿರುತ್ತೀರಿ. ಅಲ್ಲಿಂದ ಬಸ್ಸಿನಲ್ಲಿ ಹನೋಯ್‌ಗೆ ಓಡುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

14. ಹಡಗು ತಪ್ಪಿದರೆ

ಪ್ರತಿದಿನ ಕ್ಯಾಬಿನ್ನಿಗೆ ಬರುವ ಹಾಳೆಯಲ್ಲಿ ಆ ಬಂದರಿನ ಏಜೆಂಟರ ಫೋನ್ ಸಂಖ್ಯೆ ಇರುತ್ತದೆ. ಇಳಿಯುವ ಮುನ್ನ ಅದರ ಫೋಟೊ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಹಡಗಿನವರ ಬಳಿಯಿದ್ದರೆ ಅದರ ಮತ್ತು ವೀಸಾಗಳ ಪ್ರತಿ, ಒಂದು ಬ್ಯಾಂಕ್ ಕಾರ್ಡ್, ಆ ದಿನದ ಔಷಧಿ ಚೀಲದಲ್ಲಿರಲಿ. ತಡವಾಗುತ್ತಿದೆ ಎಂದು ಗೊತ್ತಾದ ಕ್ಷಣವೇ ಏಜೆಂಟರಿಗೆ ಕರೆ ಮಾಡಿ, ಧಕ್ಕೆ ತಲುಪಿದ ಮೇಲಲ್ಲ. ಗಡುವು ಮೀರಿದರೆ ಹಡಗಿನವರು ಎಷ್ಟೋ ಸಲ ನಿಮ್ಮ ಪಾಸ್‌ಪೋರ್ಟನ್ನು ಏಜೆಂಟರ ಕೈಗೇ ಕೊಟ್ಟು ಹೊರಡುತ್ತಾರೆ. ಮುಂದಿನ ಬಂದರಿಗೆ ವಿಮಾನ, ನಡುವಿನ ಹೋಟೆಲು, ಎಲ್ಲವೂ ನಿಮ್ಮ ಖರ್ಚಿನಲ್ಲೇ. ಪ್ರವಾಸ ವಿಮೆ ಮಾಡಿಸುವಾಗ ಈ ಖರ್ಚು ಅದರಲ್ಲಿ ಸೇರಿದೆಯೇ ಎಂದು ಓದಿಯೇ ಸಹಿ ಹಾಕಿ.