ರೀಸ್ಟಾರ್ಟ್‌ಗೆ ಮುನ್ನ ಲಾಗ್ ಓದಿ
ವೆಬ್ ಸರ್ವರ್ ಮಲಗಿತೆಂದರೆ ಕೈ ತಾನಾಗಿ ರೀಸ್ಟಾರ್ಟ್ ಕಡೆಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಎರರ್ ಲಾಗ್‌ನ ಕೊನೆಯ ಸಾಲುಗಳನ್ನು ಓದಿ. ಡಿಸ್ಕ್ ಭರ್ತಿಯಾಗಿದೆಯೇ ನೋಡಿ. ಎಷ್ಟೋ ಸಲ ಅದನ್ನು ತುಂಬಿಸಿದ್ದು ಆ ಲಾಗ್ ಫೈಲೇ! ಅಲ್ಲೇನೂ ಸುಳಿವಿಲ್ಲವೆ? ಕರ್ನೆಲ್ ಸಂದೇಶಗಳನ್ನು ಹುಡುಕಿ. ಮೆಮೊರಿ ಸಾಲದೆ ಬಂದಾಗ ಲಿನಕ್ಸ್ ತಾನೇ ಒಂದು ಪ್ರೋಸೆಸ್ಸನ್ನು ಕೊಲ್ಲುತ್ತದೆ, ಬಲಿಯಾಗುವುದು ಹೆಚ್ಚಾಗಿ ಡೇಟಾಬೇಸ್. ಹಾಗಾಗಿದ್ದರೆ, ನಿಮ್ಮ ವೆಬ್ ಸರ್ವರ್ ಅಪಾಚೆಯಾಗಿದ್ದಲ್ಲಿ ಅದು ಒಮ್ಮೆಗೆ ನಿಭಾಯಿಸುವ ರಿಕ್ವೆಸ್ಟ್‌ಗಳ ಮಿತಿ ಇಳಿಸಿ ನೋಡಿ.

ಇನ್ನು ಸರ್ವರ್‌ನಲ್ಲಿ ಓಡಿಸುವ ಮುಕ್ತ ತಂತ್ರಾಂಶದ ಲೈಸೆನ್ಸ್ ಬಗ್ಗೆ ಹಲವರಿಗೆ ವಿನಾಕಾರಣ ಭಯ. ಜಿಪಿಎಲ್ ಲೈಸೆನ್ಸಿನ ತಂತ್ರಾಂಶವನ್ನು ತಿದ್ದಿ ನಿಮ್ಮದೇ ಸರ್ವರ್‌ನಲ್ಲಿ ಓಡಿಸಿದ ಮಾತ್ರಕ್ಕೆ ಸೋರ್ಸ್ ಕೋಡ್ ಕೊಡಬೇಕಿಲ್ಲ. ಪ್ರತಿಯನ್ನು ಹಂಚಿದಾಗಷ್ಟೇ ಆ ಕಟ್ಟುಪಾಡು. 2007ರ ಎಜಿಪಿಎಲ್ ಮಾತ್ರ ಬಿಗಿ: ತಿದ್ದಿದ ಆವೃತ್ತಿಯನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಸಿಗಬೇಕು. ಎಂಐಟಿ ಲೈಸೆನ್ಸಿನ ಕೋಡ್ ಹಂಚುವಾಗ ಹಕ್ಕುಸ್ವಾಮ್ಯದ ಸಾಲು ಅಳಿಸಬೇಡಿ.