ಪರದೆಯ ಮೇಲೆ ಸೂರ್ಯ, ಅಂಗಳದಲ್ಲಿ ಕೋಲು



ವರ್ಷಕ್ಕೆ ಎರಡು ದಿನ ನಮ್ಮ ಊರುಗಳಲ್ಲಿ ನಡುಮಧ್ಯಾಹ್ನದ ಹೊತ್ತು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಕಾಣುವುದಿಲ್ಲ. ಆಗ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಇದಕ್ಕೆ ಶೂನ್ಯ ನೆರಳಿನ ದಿನ ಎಂದು ಹೆಸರು. ಕೊಪ್ಪಳದಲ್ಲಿ ಇದು ಮೇ 2 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಬರುತ್ತದೆ. ತೊಂದರೆ ಏನೆಂದರೆ, ಮೇ ತಿಂಗಳಲ್ಲಿ ನಿಮಗೆ ಬೇಸಿಗೆ ರಜೆ. ಆಗಸ್ಟಿನಲ್ಲಿ ಶಾಲೆ ಇರುತ್ತದೆ, ಆದರೆ ಮುಂಗಾರಿನ ಮೋಡವೂ ಇರುತ್ತದೆ. ಮಕ್ಕಳೊಡನೆ ಕೋಲು ನೆಟ್ಟು ಹನ್ನೆರಡೂವರೆಯವರೆಗೆ ಕಾದು, ಮೋಡ ಸರಿಯದೆ ಬಿಸಿಯೂಟಕ್ಕೆ ಎದ್ದುಹೋದದ್ದು ನನಗೆ ಒಂದಲ್ಲ, ಎರಡು ಸಲ ಆಗಿದೆ.

ಹೀಗಾದಾಗ ನೆರವಿಗೆ ಬರುವುದು ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶ. ಅದಕ್ಕೆ ನಮ್ಮ ಊರಿನ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕ ಕೊಟ್ಟರೆ ಆ ದಿನದ ಆಕಾಶವನ್ನು ಗಣಕಯಂತ್ರದ ಪರದೆಯ ಮೇಲೆ ತೋರಿಸುತ್ತದೆ. ಕೊಪ್ಪಳಕ್ಕೆ 15 ಡಿಗ್ರಿ 21 ಮಿನಿಟು ಉತ್ತರ, 76 ಡಿಗ್ರಿ 9 ಮಿನಿಟು ಪೂರ್ವ ಎಂದು ಕೊಡಿ. ಸಮಯವನ್ನು ವೇಗವಾಗಿ ಓಡಿಸಿದರೆ ಸೂರ್ಯ ಪೂರ್ವದಲ್ಲಿ ಹುಟ್ಟಿ ನೆತ್ತಿಗೆ ಬರುವುದನ್ನು ಅರ್ಧ ನಿಮಿಷದಲ್ಲಿ ನೋಡಬಹುದು.

ಆದರೆ ಶಾಲೆಯಲ್ಲಿ ಇರುವುದು ಒಂದೋ ಎರಡೋ ಗಣಕಯಂತ್ರ. ಹಿಂದೆ ನಿಂತವರಿಗೆ ಮುಂದಿನವರ ತಲೆಗಳಷ್ಟೇ ಕಾಣುತ್ತವೆ. ಅಷ್ಟರಲ್ಲಿ ಕರೆಂಟು ಹೋದರೆ ಮುಗಿಯಿತು. ಇನ್ನು ಅಂದು ಶಾಲೆಗೆ ಬಾರದವರ ಗತಿ? ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಮನೆಯವರು ಗುಳೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯುವುದುಂಟು. ಅವರು ತಿಂಗಳ ನಂತರ ಮರಳಿ ಬಂದು ಬೆಂಚಿನ ಮೇಲೆ ಕುಳಿತಾಗ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಪರದೆಯ ಮೇಲೆ ನಡೆದದ್ದನ್ನೂ ಅದರ ಜೊತೆಗೆ ಆಡಿದ ಮಾತನ್ನೂ ಹಿಡಿದಿಟ್ಟುಕೊಂಡರೆ ಅವರಿಗೆ ಮತ್ತೆ ತೋರಿಸಬಹುದಲ್ಲವೇ? ಧ್ವನಿಮುದ್ರಣದ ಹಾಗೆ ಇದನ್ನು ಪರದೆ ಮುದ್ರಣ ಎನ್ನೋಣ. ಎಲ್ಲರ ಬಾಯಲ್ಲಿರುವ ಹೆಸರು ಸ್ಕ್ರೀನ್ ರೆಕಾರ್ಡಿಂಗ್.

ಇದಕ್ಕೆ ಕ್ಯಾಮೆರಾ ಬೇಡ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಬಂದ ಸಂವೇದ ಪಾಠಗಳಲ್ಲಿ ಶಿಕ್ಷಕರನ್ನು ಕ್ಯಾಮೆರಾ ಚಿತ್ರೀಕರಿಸಿತ್ತು. ಪರದೆ ಮುದ್ರಣದಲ್ಲಿ ಬೆಳಕು, ಮಸೂರ ಯಾವುದೂ ಇಲ್ಲ. ಪರದೆಯ ಮೇಲಿನ ಚಿತ್ರ ಗಣಕಯಂತ್ರದ ಸ್ಮರಣೆಯಲ್ಲಿ ಮೊದಲೇ ಸಂಖ್ಯೆಗಳ ರೂಪದಲ್ಲಿರುತ್ತದೆ. ತಂತ್ರಾಂಶವು ಆ ಸಂಖ್ಯೆಗಳನ್ನೇ ನಕಲು ಮಾಡಿಕೊಳ್ಳುತ್ತದೆ.

ಎಷ್ಟು ಸಂಖ್ಯೆಗಳು? ಲೆಕ್ಕ ಹಾಕೋಣ. ಹಳೆಯ ಮಾದರಿಯ ಪರದೆಯೊಂದರಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆಗಳಿರುತ್ತವೆ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಗುಣಿಸಿದರೆ 7,86,432 ಪಿಕ್ಸೆಲ್‌ಗಳು. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ತಿಳಿಸಲು ಮೂರು ಸಂಖ್ಯೆ, ಅಂದರೆ ಮೂರು ಬೈಟ್ ಬೇಕು. ಒಂದು ಚಿತ್ರಕ್ಕೆ 23,59,296 ಬೈಟ್ ಆಯಿತು. ಚಲನೆ ಸರಾಗವಾಗಿ ಕಾಣಲು ಸೆಕೆಂಡಿಗೆ 15 ಚಿತ್ರ ಎಂದಿಟ್ಟುಕೊಂಡರೆ ಮೂರು ನಿಮಿಷದ ಪಾಠಕ್ಕೆ ಸುಮಾರು 637 ಕೋಟಿ ಬೈಟ್! ಒಂದು ಸಾಧಾರಣ ಡಿವಿಡಿಯಲ್ಲಿ ಹಿಡಿಸುವುದು 470 ಕೋಟಿ ಬೈಟ್ ಮಾತ್ರ.

ಆದರೆ ನಿಜವಾಗಿ ಮುದ್ರಿಸಿ ನೋಡಿದರೆ ಆ ಕಡತ ಪೆನ್‌ಡ್ರೈವ್‌ನ ಒಂದು ಮೂಲೆಯಲ್ಲಿ ಕುಳಿತುಬಿಡುತ್ತದೆ. ಉಳಿದ ಸಂಖ್ಯೆಗಳು ಎಲ್ಲಿ ಹೋದವು?

ಉತ್ತರ ಬೇಕಾದರೆ ಎರಡು ಚೌಕುಳಿ ಹಾಳೆಗಳಲ್ಲಿ ಹತ್ತು ಹತ್ತು ಮನೆಗಳ ದೊಡ್ಡ ಚೌಕ ಬರೆಯಿರಿ. ಮೊದಲನೆಯದರಲ್ಲಿ ಎಲ್ಲಾದರೂ ನಾಲ್ಕು ಮನೆಗಳಿಗೆ, ಅಡ್ಡಕ್ಕೆ ಎರಡು ಉದ್ದಕ್ಕೆ ಎರಡು, ಹಳದಿ ಬಣ್ಣ ಹಚ್ಚಿ. ಅದೇ ಸೂರ್ಯ. ಎರಡನೆಯದರಲ್ಲಿ ಸೂರ್ಯನನ್ನು ಒಂದೇ ಮನೆ ಬಲಕ್ಕೆ ಸರಿಸಿ. ಈಗ ಎರಡನೆಯ ಚಿತ್ರವನ್ನು ಕೋಣೆಯ ಆಚೆ ತುದಿಯ ಗೆಳತಿಗೆ ಬಾಯಲ್ಲಿ ಹೇಳಬೇಕು. ಮೊದಲ ಚಿತ್ರ ಅವಳ ಬಳಿ ಇದೆ. ನೂರು ಮನೆಗಳ ಬಣ್ಣವನ್ನೂ ಹೇಳುತ್ತೀರಾ? ಬೇಕಿಲ್ಲ. ಬದಲಾದದ್ದು ನಾಲ್ಕೇ ಮನೆ: ಎಡದಲ್ಲಿ ಎರಡು ಬಣ್ಣ ಕಳೆದುಕೊಂಡವು, ಬಲದಲ್ಲಿ ಎರಡು ಪಡೆದವು. ಮುದ್ರಣ ತಂತ್ರಾಂಶವೂ ಮುಖ್ಯವಾಗಿ ಇದನ್ನೇ ಮಾಡುತ್ತದೆ. ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ನಂತರದ ಚಿತ್ರಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆದಿಡುತ್ತದೆ.

ಆದ್ದರಿಂದಲೇ ಸ್ಟೆಲ್ಲೇರಿಯಂ ಮುದ್ರಿಸುವಾಗ ಮೌಸ್ ಹಿಡಿದು ಆಕಾಶವನ್ನು ಗರಗರ ತಿರುಗಿಸಬೇಡಿ. ಆಗ ಪರದೆಯ ಹೆಚ್ಚುಕಡಿಮೆ ಪ್ರತಿ ಚುಕ್ಕೆಯೂ ಬದಲಾಗಿ, ಕಡತ ಹಿಗ್ಗುತ್ತದೆ ಇಲ್ಲವೇ ಚಿತ್ರ ಮಸುಕಾಗುತ್ತದೆ. ನೋಡುವವರಿಗೂ ತಲೆಸುತ್ತು!

ಮುದ್ರಣಕ್ಕೆ ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಹಲವು ಮೊಬೈಲ್‌ಗಳಲ್ಲಿ ಈ ಸೌಲಭ್ಯ ಈಗ ಮೊದಲೇ ಇರುತ್ತದೆ. ಗುಂಡಿ ಒತ್ತುವುದು ಸುಲಭ, ಕಷ್ಟವೆಲ್ಲ ಅದಕ್ಕೂ ಮುಂಚಿನದು. ಏನು ತೋರಿಸಬೇಕು, ಆಗ ಏನು ಹೇಳಬೇಕು ಎಂದು ಮೊದಲು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಹತ್ತು ಸೆಕೆಂಡು ಮುದ್ರಿಸಿ ಕೇಳಿ ನೋಡಿ. ನಾನೊಮ್ಮೆ ಇಡೀ ಪಾಠ ಮುದ್ರಿಸಿ ಮುಗಿಸಿದ ಮೇಲೆ ಮೈಕ್ ಬಂದ್ ಇದ್ದದ್ದು ಗೊತ್ತಾಯಿತು. ಸೂರ್ಯ ಓಡುತ್ತಿದ್ದ, ಮೇಷ್ಟ್ರು ಮೂಕರಾಗಿದ್ದರು. ಇನ್ನೊಂದು ಮಾತು: ಪರದೆಯ ಮೇಲೆ ಬಂದದ್ದೆಲ್ಲ ಮುದ್ರಣವಾಗುತ್ತದೆ. ಮನೆಯವರ ಮೊಬೈಲ್ ಬಳಸಿದರೆ ಅವರಿಗೆ ಬಂದ ಸಂದೇಶವೂ ಪಾಠದೊಳಗೆ ಸೇರಿಕೊಳ್ಳುತ್ತದೆ. ಅವರನ್ನು ಕೇಳಿಯೇ ಬಳಸಿ. ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಇಂಟರ್‌ನೆಟ್ ನಿಲ್ಲಿಸಿ ಆಮೇಲೆ ಶುರುಮಾಡಿ.

ಇಂತಹ ಪಾಠಗಳು ಹೇಗಿರುತ್ತವೆ ಎಂದು ನೋಡಬೇಕಾದರೆ ಮುಂಬಯಿಯ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳನ್ನು ತೋರಿಸುವಂತೆ ನಿಮ್ಮ ಶಿಕ್ಷಕರನ್ನು ಕೇಳಿ. ತಂತ್ರಾಂಶಗಳನ್ನು ಕಲಿಸುವ ಆ ಪಾಠಗಳಲ್ಲಿ ಪರದೆ ಇಂಗ್ಲಿಷಿನದೇ, ಧ್ವನಿ ಮಾತ್ರ ಕನ್ನಡ ಮುಂತಾದ ಭಾಷೆಗಳಲ್ಲಿ ಬದಲಾಗುತ್ತದೆ. ಚಿತ್ರ ಒಂದೇ, ಮಾತು ಬೇರೆ ಬೇರೆ. ನೀವೂ ನಿಮ್ಮೂರಿನ ಮಾತಿನಲ್ಲೇ ವಿವರಿಸಬಹುದು. ನಿಮ್ಮ ಗೆಳೆಯನಿಗೆ ಅದೇ ಬೇಗ ತಿಳಿಯುತ್ತದೆ.

ಇನ್ನು ಒಂದು ಪ್ರಶ್ನೆ ಉಳಿಯಿತು. ಪರದೆಯಲ್ಲಿ ಸೂರ್ಯ ನೆತ್ತಿಗೆ ಬಂದದ್ದನ್ನು ನೋಡಿದಿರಿ, ಮುದ್ರಿಸಿದಿರಿ. ಅದು ನಿಜವೆಂದು ಹೇಗೆ ಗೊತ್ತು? ಸ್ಟೆಲ್ಲೇರಿಯಂ ಆಕಾಶವನ್ನು ನೋಡಿಲ್ಲ, ಲೆಕ್ಕ ಮಾಡಿದೆ ಅಷ್ಟೆ. ಅಕ್ಷಾಂಶವನ್ನು ನೀವು ತಪ್ಪಾಗಿ ಕೊಟ್ಟಿದ್ದರೆ ತಪ್ಪು ಆಕಾಶವನ್ನೇ ಅಷ್ಟೇ ಚೆಂದಾಗಿ ತೋರಿಸುತ್ತಿತ್ತು. ಲೆಕ್ಕವನ್ನು ಪರೀಕ್ಷಿಸಲು ಅಂಗಳದ ಕೋಲೇ ಬೇಕು. ಅದಕ್ಕೆ ಶೂನ್ಯ ನೆರಳಿನ ದಿನದವರೆಗೆ ಕಾಯಬೇಕಾಗಿಲ್ಲ. ಕೊಪ್ಪಳದಲ್ಲಿ 1 ಮೀಟರ್ ಕೋಲಿನ ನಡುಹಗಲ ನೆರಳು ಡಿಸೆಂಬರ್ 21ರ ಸುಮಾರಿಗೆ ಉತ್ತರಕ್ಕೆ 80 ಸೆಂ.ಮೀ. ಬೀಳಬೇಕು. ಜೂನ್ 21ರ ಸುಮಾರಿಗೆ ದಕ್ಷಿಣಕ್ಕೆ 14 ಸೆಂ.ಮೀ. ಹೌದು, ದಕ್ಷಿಣಕ್ಕೆ! ಆಗ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ.

ನಾಲ್ಕು ಊರುಗಳಲ್ಲಿ ಕೊಪ್ಪಳ ಎಲ್ಲಕ್ಕಿಂತ ದಕ್ಷಿಣದಲ್ಲಿದೆ. ನಂತರ ಗಂಗಾವತಿ, ಯಲಬುರ್ಗಾ, ಕೊನೆಗೆ ಕುಷ್ಟಗಿ. ಮೇ ತಿಂಗಳಲ್ಲಿ ಸೂರ್ಯನ ನೆತ್ತಿ ಇದೇ ಕ್ರಮದಲ್ಲಿ ಊರುಗಳನ್ನು ದಾಟುತ್ತದೆ, ಕುಷ್ಟಗಿಗೆ ಬರುವ ಹೊತ್ತಿಗೆ ಒಂದು ದಿನಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆಗಸ್ಟಿನಲ್ಲಿ ಕ್ರಮ ತಿರುಗುಮುರುಗು. ನಿಮ್ಮ ಊರಿನ ಅಕ್ಷಾಂಶ ಕೊಟ್ಟು ದಿನಾಂಕ ಕಂಡುಹಿಡಿಯಿರಿ, ಮೂರು ನಿಮಿಷದ ಪಾಠವಾಗಿ ಮುದ್ರಿಸಿ. ಆ ದಿನ ಮೋಡವಿಲ್ಲದಿದ್ದರೆ ಆಗಸ್ಟಿನಲ್ಲಿ ಹನ್ನೆರಡೂವರೆಯ ಹೊತ್ತಿಗೆ ಕೋಲು ನೆಟ್ಟು, ನೆರಳನ್ನು ಅಳೆದು ಪಾಠದ ಕೊನೆಗೆ ನಿಮ್ಮದೇ ಧ್ವನಿಯಲ್ಲಿ ಆ ಅಳತೆಯನ್ನು ಸೇರಿಸಿ. ಎರಡೂ ಹೊಂದದಿದ್ದರೆ ಹೊಂದಲಿಲ್ಲ ಎಂದೇ ಹೇಳಿ, ಕೋಲು ನೆಟ್ಟಗಿತ್ತೇ ಎಂದು ದಾರಕ್ಕೆ ಕಲ್ಲು ಕಟ್ಟಿ ನೋಡಿ.