ಕೂಸು ಅಳದಂತೆ ಉಸಿರಿನ ಔಷಧ ಕೊಡುವ ಬಗೆ



ಮಳೆಗಾಲ ಬಂತೆಂದರೆ ಜಾಂಬೋಟಿ, ಕಣಕುಂಬಿ ಭಾಗದಲ್ಲಿ ಥಂಡಿ, ತೇವ, ಒಲೆಯ ಹೊಗೆ ಮೂರೂ ಕೂಡುತ್ತವೆ. ಮಕ್ಕಳಿಗೆ ದಮ್ಮು ಏಳುವುದು ಇಂಥ ದಿನಗಳಲ್ಲಿಯೇ. ಖಾನಾಪುರ ಮುಟ್ಟುವುದೇ ಕಷ್ಟ. ಅಲ್ಲಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಮತ್ತೆ ಸುಮಾರು 25 ಕಿಲೋಮೀಟರ್. ಆದುದರಿಂದಲೇ ವೈದ್ಯರು ಇನ್ಹೇಲರನ್ನು ಸ್ಪೇಸರ್ ಎಂಬ ಕೊಳವೆ ಹಾಗೂ ಮಾಸ್ಕಿನೊಡನೆ ಮನೆಗೆ ಬರೆದುಕೊಡುತ್ತಾರೆ. ಕೆಲವರಿಗೆ ನೆಬ್ಯುಲೈಜರ್ ಯಂತ್ರ.

ಔಷಧ ಮನೆಗೆ ಬಂದರೂ ಮಾಸ್ಕ್ ಕಂಡೊಡನೆ ಕೂಸು ಚೀರುತ್ತದೆ. ಒಬ್ಬರು ಕೈ ಹಿಡಿದು, ಇನ್ನೊಬ್ಬರು ತಲೆ ಒತ್ತಿ ಔಷಧ ಕೊಡುವುದು ಎಷ್ಟೋ ಮನೆಗಳಲ್ಲಿ ನಡೆದಿದೆ. ಜೋರು ಗಾಳಿಯಲ್ಲಿ ಬೆಳೆಗೆ ಔಷಧ ಹೊಡೆದರೆ ಎಲೆಗೆ ಹತ್ತುವುದೆಷ್ಟೆಂದು ತಾವು ಬಲ್ಲಿರಿ. ಇದೂ ಹಾಗೆಯೇ. ಅಳುವ ಮಗು ಉದ್ದಕ್ಕೆ ಉಸಿರು ಬಿಟ್ಟು ಗಕ್ಕನೆ ಎಳೆಯುತ್ತದೆ. ಔಷಧ ಬಾಯಿ, ಗಂಟಲಿನಲ್ಲಿಯೇ ಉಳಿದು ಪುಪ್ಪುಸಕ್ಕೆ ಇಳಿಯುವುದು ಅತ್ಯಲ್ಪ. ಮಾಸ್ಕನ್ನು ಮುಖದಿಂದ ದೂರ ಹಿಡಿದರೂ ಇದೇ ಹಾನಿ. ಕೂಸನ್ನು ಒಲಿಸುವುದೂ ಚಿಕಿತ್ಸೆಯ ಭಾಗವೇ ಆಗಿದೆ.

ಹೋರಿಗೆ ನೊಗದ ರೂಢಿ ಮಾಡಿಸುವುದು ಬಿತ್ತಿಗೆಯ ದಿನವಲ್ಲ, ಅದಕ್ಕೂ ಮೊದಲು. ಮಗುವಿಗೂ ಆರಾಮವಿದ್ದಾಗಲೇ ಕಲಿಸಬೇಕು.

1. ಬರಿಯ ಮಾಸ್ಕನ್ನು ಆಟಕ್ಕೆ ಕೊಡಿರಿ. ಗೊಂಬೆಗೆ, ಅಪ್ಪನಿಗೆ, ಅಜ್ಜಿಗೆ ಹಚ್ಚಿ ನಗಲಿ. ಆಮೇಲೆ ತನ್ನ ಮುಖಕ್ಕೆ ತಾನೇ ಹಿಡಿಯಲಿ. ಔಷಧ ಮಾತ್ರ ಕೈಗೆ ಸಿಗದಂತೆ ಇಡಿರಿ.

2. "ಔಷಧ ತಗೋತೀ ಏನು?" ಎಂದು ಕೇಳಬೇಡಿರಿ, ಬೇಡವೆಂದೀತು. "ಯಾರ ತೊಡೀ ಮ್ಯಾಲ ಕುಂದರ್ತಿ, ಅವ್ವಂದೋ ಅಜ್ಜೀದೋ?" ಎಂದು ಕೇಳಿರಿ. ಸೂಜಿಯ ಹೆಸರು ಹೇಳಿ ಹೆದರಿಸಬಾರದು.

3. ನೆಟ್ಟಗೆ ಕೂಡಿಸಿಕೊಳ್ಳಿರಿ. ಮಾಸ್ಕು ಮೂಗು, ಬಾಯಿ ಎರಡನ್ನೂ ಸಂದಿಲ್ಲದಂತೆ ಮುಚ್ಚಲಿ.

4. ಇನ್ಹೇಲರನ್ನು ಅಲುಗಾಡಿಸಿ ಒಮ್ಮೆ ಒತ್ತಿ, ಐದಾರು ಉಸಿರುಗಳನ್ನು ಗಟ್ಟಿಯಾಗಿ ಎಣಿಸಿರಿ. ಮತ್ತೊಮ್ಮೆ ಬೇಕಿದ್ದರೆ ಮತ್ತೆ ಅಲುಗಾಡಿಸಿರಿ. ಎಷ್ಟು ಸಲವೆಂದು ಮಗುವಿಗೆ ಮೊದಲೇ ಹೇಳಿ, ಮಾತಿಗೆ ತಪ್ಪದಿರಿ.

5. ನೆಬ್ಯುಲೈಜರಿನ ಸದ್ದಿಗೆ ಕೂಸು ಬೆದರುತ್ತದೆ. ಮುಂಚೆ ದೂರದಲ್ಲಿ ಖಾಲಿ ಓಡಿಸಿ ತೋರಿಸಿರಿ. ಔಷಧ ಮುಗಿಯಲು ಸುಮಾರು 10 ನಿಮಿಷ. ಅಷ್ಟು ಹೊತ್ತಿಗೆ ಒಂದು ಕಥೆ ಇರಲಿ.

6. ನಿತ್ಯ ಕೊಡುವ ತಡೆ ಔಷಧವಾದರೆ ಬಳಿಕ ಬಾಯಿ ಮುಕ್ಕಳಿಸಿ, ಮುಖ ತೊಳೆಯಬೇಕು. ಸ್ಪೇಸರನ್ನು ಸಾಬೂನಿನ ನೀರಿನಲ್ಲಿ ತೊಳೆದು, ಒರೆಸದೆ ಗಾಳಿಗೆ ಒಣಗಿಸಿರಿ.

"ಪಂಪು ಚಟವಾಗುತ್ತದೆ" ಎಂಬ ಮಾತು ನಿಜವಲ್ಲ. 1956ರಲ್ಲಿ ಅಮೇರಿಕೆಯಲ್ಲಿ ಇನ್ಹೇಲರ್ ಬಂದುದೇ ದಮ್ಮಿನಿಂದ ಬಳಲುತ್ತಿದ್ದ 13 ವರ್ಷದ ಹುಡುಗಿಯೊಬ್ಬಳು ಗಾಜಿನ ಪಂಪಿಗೆ ಬೇಸತ್ತು ತಂದೆಗೆ ಹೇಳಿದ ಮಾತಿನಿಂದ. ಆತ ಔಷಧ ಕಂಪನಿಯೊಂದರ ಮುಖ್ಯಸ್ಥನಾಗಿದ್ದ. ಮಕ್ಕಳ ಮಾತಿಗೆ ಕಿವಿಗೊಟ್ಟರೆ ಹೀಗೆ ಫಲವುಂಟು.

ಎಚ್ಚರಿಕೆ: ದಮ್ಮು ಜೋರಾದಾಗ ಮಗು ಅತ್ತರೂ ಔಷಧ ತಪ್ಪಿಸಬೇಡಿರಿ. ಪಕ್ಕೆ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ ಕೂಡಲೆ 108ಕ್ಕೆ ಕರೆ ಮಾಡಿರಿ. ಗಾಡಿ ಬರುವವರೆಗೆ ವೈದ್ಯರು ಹೇಳಿಕೊಟ್ಟಂತೆ ಔಷಧ ನಡೆದಿರಲಿ.

ಓದು ಬಾರದ ನೆರೆಯವರಿಗೆ ಇದನ್ನು ಓದಿ ಹೇಳಿರಿ.